ನಮ್ಮೂರಿಗಿಂತ ಕುಳ್ಳಗಿನ ಬೆಟ್ಟಕ್ಕೆ ಅಷ್ಟೊಂದು ಹೆಸರು ಯಾಕೆ?

ಪ್ರಶ್ನೆ: ನಾನು ಏಳನೇ ಕ್ಲಾಸು, ಊರು ಚಿಕ್ಕಮಗಳೂರು. ಮ್ಯಾಂಚೆಸ್ಟರ್‌ನಲ್ಲಿರುವ ನಮ್ಮ ಚಿಕ್ಕಪ್ಪ ಹೋದ ತಿಂಗಳು ವೇಲ್ಸ್‌ನ ಅತಿ ಎತ್ತರದ ಬೆಟ್ಟ ಸ್ನೋಡನ್ ಹತ್ತಿದರಂತೆ. ದೊಡ್ಡ ಸಾಹಸ ಮಾಡಿದವರ ಹಾಗೆ ಫೋಟೋ ಕಳಿಸಿದರು. ನೋಡಿದರೆ ಅದರ ಎತ್ತರ ಬರೀ 1,085 ಮೀಟರ್. ನಮ್ಮ ಊರೇ ಸುಮಾರು 1,090 ಮೀಟರ್ ಎತ್ತರದಲ್ಲಿದೆ ಅಂತ ಮೇಷ್ಟ್ರು ಹೇಳಿದ್ದಾರೆ. ಹಾಗಾದರೆ ನಾನು ಮನೆ ಅಂಗಳದಲ್ಲಿ ನಿಂತರೆ ಸಾಕಲ್ವಾ? ಅದನ್ನು ದೊಡ್ಡ ಬೆಟ್ಟ ಅಂತ ಯಾಕೆ ಹೇಳುತ್ತಾರೆ? ಅದು ಅಷ್ಟು ಚೂಪಾಗಿ ಯಾಕಿದೆ? ಕೆಳಗಿನ ಕೆರೆ ಹಸಿರಾಗಿ ಯಾಕಿದೆ? ತುದಿಯಲ್ಲಿ ರಾಕ್ಷಸನ ಸಮಾಧಿ ಇದೆ ಅಂತ ಚಿಕ್ಕಪ್ಪ ಹೇಳಿದ್ದು ನಿಜವಾ?

ಉತ್ತರ:

ಪುಟ್ಟಿ, ನಿನ್ನ ಲೆಕ್ಕ ತಪ್ಪಿಲ್ಲ. ಸಮುದ್ರ ಮಟ್ಟದಿಂದ ಅಳೆದರೆ ಚಿಕ್ಕಪ್ಪ ಬೆವರು ಸುರಿಸಿ ಮುಟ್ಟಿದ ಎತ್ತರದಲ್ಲೇ ನೀನು ದಿನಾ ಹಲ್ಲುಜ್ಜುತ್ತೀಯ. ಈ ಮಾತನ್ನು ಅವರಿಗೆ ಹೇಳಿ ಒಂದು ಸಲ ರೇಗಿಸಲೂಬಹುದು.

ಆದರೆ ಜಗಲಿ ಮೇಲೆ ನಿಂತ ಮಗು ಅಂಗಳದಲ್ಲಿ ನಿಂತ ಅಪ್ಪನಿಗಿಂತ ಎತ್ತರ ಕಾಣುತ್ತೆ, ಅಲ್ವಾ? ನಿಮ್ಮ ಊರಿನ ಕಥೆಯೂ ಅದೇ. ನಮ್ಮ ಪ್ರಸ್ಥಭೂಮಿಯೇ ಒಂದು ದೊಡ್ಡ ಜಗಲಿ. ಕಡೂರಿನಿಂದ ಬಸ್ಸಿನಲ್ಲಿ ಬರುವಾಗ ನಿದ್ದೆ ಹೊಡೆದರೂ ಆ ಎತ್ತರ ಪುಕ್ಕಟೆಯಾಗಿ ಸಿಗುತ್ತೆ. ಸ್ನೋಡನ್‌ಗೆ ಜಗಲಿಯೇ ಇಲ್ಲ. ತುದಿಯಿಂದ ಸಮುದ್ರದಂಡೆಯ ಕಾರ್ನಾರ್ವನ್ ಊರಿಗೆ ನೇರ ಗೆರೆ ಎಳೆದರೆ ಸುಮಾರು 15 ಕಿಲೋಮೀಟರ್, ಅಷ್ಟೇ. ಅಷ್ಟರೊಳಗೆ ನೆಲ ಸೊನ್ನೆಯಿಂದ 1,085ಕ್ಕೆ ಏರಬೇಕು. ಬುಡದ ಊರು ಲಾನ್‌ಬೆರಿಸ್ ಇರುವುದು ಸುಮಾರು 100 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟವರು ಹತ್ತಿರ ಹತ್ತಿರ 980 ಮೀಟರ್ ಹತ್ತುತ್ತಾರೆ. ಈಗ ನಿಮ್ಮ ಊರಿನಿಂದ ಮುಳ್ಳಯ್ಯನಗಿರಿಯ ತುದಿಗೆ ಎಷ್ಟು ಏರಬೇಕು, ಕಳೆದು ನೋಡು. 840 ಮೀಟರ್ ಆಸುಪಾಸು. ಅದರಲ್ಲೂ ಮುಕ್ಕಾಲು ಪಾಲು ಜೀಪೇ ಹತ್ತಿಕೊಡುತ್ತೆ. ಹಾಗಾಗಿ ಚಿಕ್ಕಪ್ಪನ ಮೊಣಕಾಲು ನೋವು ಸುಳ್ಳಲ್ಲ.

ಜೊತೆಗೆ ಹವೆ. ನಿಮ್ಮ ಊರು 13ನೇ ಅಕ್ಷಾಂಶದಲ್ಲಿದೆ, ಈ ಬೆಟ್ಟ 53ರಲ್ಲಿ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳಿಗೆ ಎದುರಾಗುವ ಮೊದಲ ದೊಡ್ಡ ಗೋಡೆಗಳಲ್ಲಿ ಇದೂ ಒಂದು. ಪಕ್ಕದ ಕ್ರಿಬ್ ಗೋಖ್ ಏಣಿನ ಮೇಲೆ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತೆ. ಆಗುಂಬೆಯವರು ಇದನ್ನು ಕೇಳಿ ನಗಬಹುದು. ಆದರೆ ಆಗುಂಬೆಯಲ್ಲಿ ಮಳೆಗೊಂದು ಕಾಲ ಅಂತ ಇದೆ. ಇಲ್ಲಿ ಜೂನ್ ತಿಂಗಳ ಬಿಸಿಲಲ್ಲಿ ಹೊರಟವರೂ ರೇನ್‌ಕೋಟ್ ಬಿಟ್ಟು ಹೋಗುವ ಹಾಗಿಲ್ಲ. ನಾನು ಕೊಡೆ ಹಿಡಿದು ಹೋಗಿದ್ದೆ. ಮೊದಲ ತಿರುವಿನಲ್ಲೇ ಗಾಳಿ ಅದನ್ನು ಮಗುಚಿ ತಾವರೆ ಹೂವು ಮಾಡಿತು.

ಹೆಸರಿನ ವಿಷಯ ಮೊದಲು ಮುಗಿಸೋಣ. ರಾಕ್ಷಸನೂ ಅಲ್ಲೇ ಸಿಗುತ್ತಾನೆ. ಸ್ನೋಡನ್ ಅನ್ನುವುದು ಇಂಗ್ಲಿಷಿನವರು ಕರೆದ ಹೆಸರು, ‘ಹಿಮದ ಗುಡ್ಡ’ ಅಂತ ಅರ್ಥ. ಊರಿನವರ ವೆಲ್ಷ್ ಭಾಷೆಯಲ್ಲಿ ಅದು ‘ಅರ್ ವಿದ್ವ’. ಸುತ್ತಲಿನ ಬೆಟ್ಟಸೀಮೆಗೆ ‘ಎರಾರಿ’. 2022ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತದವರು ಇನ್ನು ಮುಂದೆ ಈ ಹೆಸರುಗಳನ್ನೇ ಬಳಸುತ್ತೇವೆ ಎಂದು ತೀರ್ಮಾನ ಮಾಡಿದರು. ನನಗಂತೂ ಖುಷಿಯಾಯಿತು. ಬೆಟ್ಟಕ್ಕೆ ಅದರ ಬುಡದಲ್ಲಿ ಕುರಿ ಮೇಯಿಸುವವರು ಕರೆಯುವ ಹೆಸರೇ ಸರಿ. ನಾನೂ ಇಲ್ಲಿಂದ ಮುಂದೆ ಅರ್ ವಿದ್ವ ಅಂತಲೇ ಬರೆಯುತ್ತೇನೆ.

ವಿದ್ವ ಅಂದರೆ ಸಮಾಧಿಯ ದಿಬ್ಬ. ಕಥೆ ಹೀಗಿದೆ. ರೀತ ಅಂತ ಒಬ್ಬ ದೈತ್ಯ ಇದ್ದ. ಸೋತ ರಾಜರ ಗಡ್ಡ ಕಿತ್ತು, ಅದನ್ನೆಲ್ಲ ಹೊಲಿದು ಕಂಬಳಿ ಮಾಡಿಕೊಳ್ಳುವುದು ಅವನ ಚಟ. ಕಂಬಳಿಯಲ್ಲಿ ಒಂದು ಕಡೆ ಸ್ವಲ್ಪ ಜಾಗ ಖಾಲಿ ಉಳಿಯಿತು. ಆರ್ಥರ್ ರಾಜನಿಗೆ ‘ನಿನ್ನ ಗಡ್ಡ ಕೊಡು’ ಅಂತ ಹೇಳಿ ಕಳಿಸಿದ. ಆರ್ಥರ್ ಗಡ್ಡ ಕೊಡಲಿಲ್ಲ, ಕತ್ತಿ ಹಿಡಿದು ಬಂದ. ಸತ್ತ ದೈತ್ಯನ ಮೇಲೆ ಕಲ್ಲು ಪೇರಿಸಿದರು, ಅದೇ ಬೆಟ್ಟದ ತುದಿ ಅಂತೆ. ನಮ್ಮಲ್ಲಿ ಗುಡ್ಡಕ್ಕೊಬ್ಬ ಭೀಮ ಇದ್ದ ಹಾಗೆ ಅಲ್ಲಿ ಬೆಟ್ಟಕ್ಕೊಬ್ಬ ಆರ್ಥರ್. ತುದಿಯಲ್ಲಿ ಅಗೆದರೆ ಮೂಳೆಗೀಳೆ ಏನೂ ಸಿಗುವುದಿಲ್ಲ. ಆದರೆ ಅದಕ್ಕಿಂತ ವಿಚಿತ್ರವಾದ ವಸ್ತು ಸಿಗುತ್ತೆ.

ಕಪ್ಪೆಚಿಪ್ಪು!

ಹೌದು. ಅರ್ ವಿದ್ವದ ತುದಿಯ ಬಂಡೆಗಳಲ್ಲಿ ಸಮುದ್ರ ಜೀವಿಗಳ ಚಿಪ್ಪಿನ ಅಚ್ಚುಗಳಿವೆ. ನೋಡಲು ಕಪ್ಪೆಚಿಪ್ಪಿನ ಹಾಗೇ ಇರುತ್ತವೆ, ಜೀವಿ ಮಾತ್ರ ಬೇರೆ ಜಾತಿಯದು, ಬ್ರಾಕಿಯೋಪಾಡ್. ಸುಮಾರು 45 ಕೋಟಿ ವರ್ಷದ ಹಿಂದೆ ಈ ಜಾಗ ಆಳವಿಲ್ಲದ ಸಮುದ್ರ. ಅಷ್ಟೇ ಅಲ್ಲ, ಆಗ ವೇಲ್ಸ್ ಇದ್ದದ್ದು ಭೂಮಧ್ಯರೇಖೆಯ ದಕ್ಷಿಣಕ್ಕೆ. ಸುತ್ತ ಜ್ವಾಲಾಮುಖಿಗಳು ಉಗುಳುತ್ತಿದ್ದವು. ಬೂದಿ ಬಂದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತಿತು. ಚಿಪ್ಪುಗಳು ಅದರಲ್ಲಿ ಹೂತುಹೋದವು. ಕಾಲ ಕಳೆದಂತೆ ಬೂದಿ ಕಲ್ಲಾಯಿತು.

ಆಮೇಲೆ ಭೂಮಿಯ ಎರಡು ದೊಡ್ಡ ತುಂಡುಗಳು ಒಂದಕ್ಕೊಂದು ಒತ್ತಿಕೊಂಡವು. ನೆಲದ ಮೇಲೆ ಜಮಖಾನ ಹಾಸಿ ಎರಡೂ ಕಡೆಯಿಂದ ಒಳಕ್ಕೆ ತಳ್ಳು. ಅಲೆ ಅಲೆಯಾಗಿ ಮಡಿಕೆ ಬೀಳುತ್ತೆ. ಕಲ್ಲಿನ ಪದರಗಳಿಗೂ ಹಾಗೇ ಆಯಿತು. ಈಗಿನ ತುದಿ ಆ ಮಡಿಕೆಗಳಲ್ಲಿ ಯಾವ ಭಾಗ, ಹೇಳು ನೋಡೋಣ? ಉಬ್ಬಿದ ಭಾಗ ಅಂತ ತಾನೇ ಹೇಳುತ್ತೀಯ? ಅಲ್ಲ, ತಗ್ಗಿನ ಭಾಗ. ಉಬ್ಬಿದ ಕಡೆ ಕಲ್ಲು ಎಳೆದಂತಾಗಿ ಬಿರುಕು ಬಿಟ್ಟಿತು. ತಗ್ಗಿನಲ್ಲಿ ಅದೇ ಕಲ್ಲು ಒತ್ತಿ ಗಟ್ಟಿಯಾಯಿತು. ಕೋಟಿಗಟ್ಟಲೆ ವರ್ಷ ಮಳೆ ಗಾಳಿ ತಿಂದು ಹಾಕಿದ ಮೇಲೆ ಉಬ್ಬು ಕರಗಿಹೋಗಿ ತಗ್ಗೇ ಮೇಲೆ ಉಳಿಯಿತು. ಪಾಠ ಮಾಡುವಾಗ ಎಷ್ಟೋ ಸಲ ಇದನ್ನು ಹೇಳಿದ್ದೇನೆ, ಒಂದು ಸಲವೂ ಬೇಸರ ಬಂದಿಲ್ಲ.

ನಡುವೆ ಒಂದು ಮಾತು. ಮುಂದೆ ನೀನು ಭೂವಿಜ್ಞಾನ ಓದಿದರೆ ಕೇಂಬ್ರಿಯನ್, ಆರ್ಡೋವಿಶಿಯನ್, ಸೈಲೂರಿಯನ್ ಅಂತ ಭೂಮಿಯ ಯುಗಗಳ ಹೆಸರು ಬರುತ್ತವೆ. ಮೂರೂ ವೇಲ್ಸ್‌ನಿಂದಲೇ ಬಂದವು. ಮೊದಲನೆಯದು ಆ ನಾಡಿನ ಹಳೆಯ ಹೆಸರು, ಉಳಿದೆರಡು ಅಲ್ಲಿ ಹಿಂದೆ ಇದ್ದ ಬುಡಕಟ್ಟುಗಳ ಹೆಸರು. ಪ್ರಪಂಚದ ಯಾವ ಮೂಲೆಯಲ್ಲಿ ಆ ಕಾಲದ ಕಲ್ಲು ಸಿಕ್ಕರೂ ಅದನ್ನು ವೇಲ್ಸ್‌ನ ಹೆಸರಿನಿಂದಲೇ ಕರೆಯಬೇಕು. ಆದರೂ ನೀನು ಬೀಗುವುದಕ್ಕೆ ಒಂದು ಕಾರಣ ಕೊಡುತ್ತೇನೆ. ಬಾಬಾಬುಡನ್ ಗಿರಿಸಾಲಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ವಯಸ್ಸಿನಲ್ಲಿ ಅದರ ಮುಂದೆ ಅರ್ ವಿದ್ವ ಇನ್ನೂ ತೊಟ್ಟಿಲ ಕೂಸು.

ಈಗ ಚೂಪಿನ ಪ್ರಶ್ನೆ. ನಿಮ್ಮ ಗಿರಿಗಳು ದುಂಡಗಿವೆ, ಹುಲ್ಲು ಹೊದ್ದು ಮಲಗಿದ ಹಾಗೆ. ಅರ್ ವಿದ್ವ ಮೂಲೆ ಮೂಲೆಯಾಗಿದೆ. ಇದಕ್ಕೆ ಕಾರಣ ಮಂಜುಗಡ್ಡೆ.

ಸುಮಾರು 20,000 ವರ್ಷದ ಹಿಂದೆ ಇಡೀ ವೇಲ್ಸ್ ಹೆಚ್ಚುಕಡಿಮೆ ಮಂಜುಗಡ್ಡೆಯ ಕೆಳಗಿತ್ತು. ದೊಡ್ಡ ಹಾಸು ಕರಗಿದ ಮೇಲೂ ಬೆಟ್ಟದ ನೆರಳಿನ ತಗ್ಗುಗಳಲ್ಲಿ ಚಿಕ್ಕ ಹಿಮನದಿಗಳು ಮತ್ತೊಮ್ಮೆ ಕಟ್ಟಿಕೊಂಡವು. ಕೊನೆಯವು ಕರಗಿ 11,000 ಚಿಲ್ಲರೆ ವರ್ಷ ಆಯಿತು. ಕಲ್ಲಿನ ಲೆಕ್ಕದಲ್ಲಿ ಅದು ನಿನ್ನೆ ಸಂಜೆ.

ಮಂಜುಗಡ್ಡೆ ಮೆತ್ತಗಿನ ವಸ್ತು, ಅದು ಕಲ್ಲನ್ನು ಹೇಗೆ ಕೊರೆಯುತ್ತೆ ಅಂತ ಕೇಳುತ್ತೀಯ. ಅಡುಗೆಮನೆಗೆ ಹೋಗು. ಸ್ಟೀಲ್ ಬಟ್ಟಲಿನ ತಳಕ್ಕೆ ಒಂದು ಚಮಚ ಮರಳು ಹಾಕಿ ನೀರು ತುಂಬಿ ರಾತ್ರಿ ಫ್ರೀಜರ್‌ನಲ್ಲಿಡು. ಬೆಳಿಗ್ಗೆ ಗಡ್ಡೆ ತೆಗೆದು, ಮರಳಿರುವ ಮುಖವನ್ನು ಬಟ್ಟೆ ಸೋಪಿನ ಮೇಲೆ ಒತ್ತಿ ಒಂದೇ ದಿಕ್ಕಿಗೆ ಎಳೆ. ಸೋಪಿನ ಮೇಲೆ ಸಾಲು ಸಾಲು ಗೀರು ಬೀಳುತ್ತೆ. ಗೀರುವುದು ಮರಳು, ಒತ್ತಿ ತಳ್ಳುವುದು ಗಡ್ಡೆ. ಬಟ್ಟಲಿನ ಬದಲು ನೂರಾರು ಮೀಟರ್ ದಪ್ಪದ ಗಡ್ಡೆ, ಮರಳಿನ ಬದಲು ಬಂಡೆ ಚೂರು ಅಂದುಕೋ. (ಸೋಪು ಹಾಳಾಯಿತು ಅಂತ ಅಮ್ಮ ಬೈದರೆ ನನ್ನ ಹೆಸರು ಹೇಳು.)

ಇನ್ನೊಂದು ಕೆಲಸವನ್ನೂ ಅದು ಮಾಡುತ್ತೆ. ಫ್ರೀಜರ್‌ನಿಂದ ಐಸ್ ಟ್ರೇ ತೆಗೆಯುವಾಗ ಒದ್ದೆ ಬೆರಳು ಪಟ್ಟನೆ ಅಂಟಿಕೊಳ್ಳುತ್ತಲ್ಲ, ಹಾಗೇ ಕಲ್ಲಿನ ಬಿರುಕಿಗೆ ನೀರು ಇಳಿದು ಹೆಪ್ಪುಗಟ್ಟಿ ಗಡ್ಡೆ ಕಲ್ಲಿಗೆ ಅಂಟಿಕೊಳ್ಳುತ್ತೆ. ಗಡ್ಡೆ ಜಾರಿದಾಗ ಕಲ್ಲೂ ಕಿತ್ತು ಬರುತ್ತೆ. ಉಜ್ಜುವುದು ಒಂದು, ಕೀಳುವುದು ಒಂದು. ಈ ಎರಡೇ ಕೆಲಸ ಸಾವಿರಾರು ವರ್ಷ ನಡೆದರೆ ಬೆಟ್ಟದ ಮೈಯಲ್ಲಿ ಆರಾಮಕುರ್ಚಿಯ ಹಾಗೆ ಒಂದು ಹಳ್ಳ ಆಗುತ್ತೆ. ಹಿಂದೆ ಕಡಿದಾದ ಗೋಡೆ, ಕೂರುವಲ್ಲಿ ತಗ್ಗು, ಮುಂದೆ ಸ್ವಲ್ಪ ಎತ್ತರದ ಅಂಚು. ವೆಲ್ಷ್‌ನಲ್ಲಿ ಇದಕ್ಕೆ ‘ಕುಮ್’.

ಒಂದು ಕುಮ್ ಇದ್ದರೆ ಬೆಟ್ಟ ಕುರ್ಚಿಯಾಗುತ್ತೆ. ಎಲ್ಲ ಕಡೆಯಿಂದ ಇದ್ದರೆ? ತಟ್ಟೆಯಲ್ಲಿ ಬಟ್ಟಲು ಮಗುಚಿ ಹಾಕಿದ ಉಪ್ಪಿಟ್ಟು ನೆನಪಿಸಿಕೋ. ಮೂರು ಜನ ಮಕ್ಕಳು ಮೂರು ಕಡೆಯಿಂದ ಚಮಚದಲ್ಲಿ ತಿನ್ನುತ್ತಾ ಬನ್ನಿ. ಸ್ವಲ್ಪ ಹೊತ್ತಿಗೆ ನಡುವೆ ಚೂಪು ಗೋಪುರ, ಒಬ್ಬರ ಹಳ್ಳಕ್ಕೂ ಇನ್ನೊಬ್ಬರ ಹಳ್ಳಕ್ಕೂ ಮಧ್ಯೆ ತೆಳ್ಳಗಿನ ಗೋಡೆ ಉಳಿಯುತ್ತೆ. ಆ ಗೋಪುರವೇ ಅರ್ ವಿದ್ವ. ತೆಳ್ಳಗಿನ ಗೋಡೆಗಳಲ್ಲಿ ಒಂದು ಕ್ರಿಬ್ ಗೋಖ್, ಇನ್ನೊಂದು ಅ ಹ್ಲಿವೆದ್. ಕ್ರಿಬ್ ಅಂದರೆ ಬಾಚಣಿಗೆ, ಹುಂಜದ ಜುಟ್ಟಿಗೂ ಅದೇ ಮಾತು. ಗೋಖ್ ಅಂದರೆ ಕೆಂಪು. ಕೆಂಪು ಜುಟ್ಟು! ನೋಡಲು ಹಾಗೇ ಇದೆ, ಮೇಲೆ ಮೊನೆ ಮೊನೆ, ಎರಡೂ ಕಡೆ ಪ್ರಪಾತ, ಕೆಲವು ಕಡೆ ಕಾಲಿಡಲು ಅಂಗೈ ಅಗಲದ ಜಾಗ. 923 ಮೀಟರ್ ಎತ್ತರ. ನಾನು ಕೆಳಗೆ ನಿಂತು ನೋಡಿ, ಕೈ ಮುಗಿದು, ಬೇರೆ ದಾರಿ ಹಿಡಿದೆ. ಅಲ್ಲಿ ಜಾರಿ ಸತ್ತವರಿದ್ದಾರೆ. ಚಿಕ್ಕಪ್ಪ ಆ ಏಣಿನ ಮೇಲೆ ಹೋಗಿದ್ದರೆ ಅವರು ಸಾಹಸಿಯೇ. ಮತ್ತೆ ಹೋಗಬೇಡಿ ಅಂತಲೂ ಹೇಳು.

ಕೆರೆಗಳು ಇರುವುದು ಆ ಕುರ್ಚಿಗಳ ತಗ್ಗಿನಲ್ಲಿ. ಗಡ್ಡೆ ಕರಗಿತು, ಮುಂದಿನ ಅಂಚು ಕಟ್ಟೆಯ ಹಾಗೆ ತಡೆಯಿತು, ನೀರು ನಿಂತಿತು. ತುದಿಯ ಕೆಳಗೆ ಒಂದರ ಕೆಳಗೊಂದು ಮೆಟ್ಟಿಲಿನ ಹಾಗೆ ಎರಡು ಕೆರೆ, ಸುಮಾರು 600 ಮೀಟರ್ ಎತ್ತರದಲ್ಲಿ ಗ್ಲಾಸ್‌ಲಿನ್, ಅದರ ಕೆಳಗೆ ದೊಡ್ಡದಾದ ಲಿನ್ ಲಡಾವ್. (ಲಿನ್ ಅಂದರೆ ಕೆರೆ. ಅದರ ‘ಲ’ ನಮ್ಮ ಲ ಅಲ್ಲ. ಲ ಅನ್ನಲು ನಾಲಿಗೆ ಇಟ್ಟು, ಹೇಳದೆ ಪಕ್ಕದಿಂದ ಗಾಳಿ ಊದು, ಅದು.) ಚಿಕ್ಕಪ್ಪನ ಫೋಟೋದಲ್ಲಿರುವ ಹಸಿರುನೀಲಿ ಕೆರೆ ಗ್ಲಾಸ್‌ಲಿನ್ ಇರಬೇಕು. ಬಣ್ಣಕ್ಕೆ ಕಾರಣ ತಾಮ್ರ. ಅಲ್ಲಿನ ಕಲ್ಲಿನಲ್ಲಿ ತಾಮ್ರದ ಅದಿರಿದೆ. 20ನೇ ಶತಮಾನದ ಆರಂಭದವರೆಗೂ ಗಣಿ ನಡೆಯುತ್ತಿತ್ತು. ಈಗ ಎಲ್ಲರೂ ನಡೆಯುವ ‘ಮೈನರ್ಸ್ ಟ್ರ್ಯಾಕ್’ ಅವತ್ತಿನ ಗಣಿಯವರ ದಾರಿಯೇ. ಲಡಾವ್ ಕೆರೆಗೆ ಅಡ್ಡಲಾಗಿ ಅವರು 1853ರಲ್ಲಿ ಹಾಕಿದ ಕಲ್ಲುದಾರಿಯ ಮೇಲೆ ನಾನೂ ನಡೆದಿದ್ದೇನೆ. ದಾರಿಪಕ್ಕ ಅವರು ಮಲಗುತ್ತಿದ್ದ ಮನೆಗಳ ಗೋಡೆ ಇದೆ, ಸೂರಿಲ್ಲ. ಆ ಮಳೆಯಲ್ಲಿ, ಆ ಚಳಿಯಲ್ಲಿ, ಅಲ್ಲಿ ಹೇಗಪ್ಪಾ ಬದುಕಿದರು ಅನಿಸುತ್ತೆ.

ಊರಿನವರನ್ನು ಕೇಳಿದರೆ ಗ್ಲಾಸ್‌ಲಿನ್ ಬಗ್ಗೆ ತಾಮ್ರದ ಮಾತು ಹೇಳುವುದಿಲ್ಲ, ಅವಾಂಕ್ ಮಾತು ಹೇಳುತ್ತಾರೆ. ಅದೊಂದು ನೀರಿನ ಭೂತ. ಮೊದಲು ಕಾನ್ವಿ ನದಿಯ ಮಡುವಿನಲ್ಲಿತ್ತು. ಹೊರಳಾಡಿದಾಗಲೆಲ್ಲ ಪ್ರವಾಹ ಬಂದು ಹೊಲ ಮುಳುಗುತ್ತಿತ್ತು. ಒಬ್ಬ ಹುಡುಗಿ ಹಾಡಿ ಅದನ್ನು ದಂಡೆಗೆ ಕರೆದಳು, ಅದು ಅವಳ ಮಡಿಲಲ್ಲಿ ತಲೆಯಿಟ್ಟು ನಿದ್ದೆ ಹೋಯಿತು. ಜನ ಸರಪಳಿ ಬಿಗಿದರು. ಎರಡು ದೊಡ್ಡ ಎತ್ತು ಕಟ್ಟಿ ಬೆಟ್ಟ ಹತ್ತಿಸಿ ಗ್ಲಾಸ್‌ಲಿನ್‌ಗೆ ತಂದು ಹಾಕಿದರು. ಎಳೆಯುವ ರಭಸಕ್ಕೆ ಒಂದು ಎತ್ತಿನ ಕಣ್ಣೇ ಕಿತ್ತು ಬಿತ್ತಂತೆ. ಅದು ಬಿದ್ದ ಜಾಗಕ್ಕೆ ಈಗಲೂ ‘ಎತ್ತಿನ ಕಣ್ಣಿನ ಹೊಂಡ’ ಅಂತಲೇ ಹೆಸರು. ನನಗೆ ಆ ಎತ್ತಿನ ಮೇಲೆ ಪಾಪ ಅನಿಸುತ್ತೆ. ಕಥೆಯಲ್ಲಿ ಅದಕ್ಕೊಂದು ಹೆಸರೂ ಇಟ್ಟಿಲ್ಲ ನೋಡು.

ಮಂಜುಗಡ್ಡೆಯ ಗುರುತು ಇಷ್ಟು ಸ್ಪಷ್ಟವಾಗಿದ್ದರೂ ನೂರಾರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಯಾರ ಕಣ್ಣಿಗೆ ಅಂದರೆ, ಡಾರ್ವಿನ್ ಕಣ್ಣಿಗೂ. 1831ರ ಬೇಸಿಗೆಯಲ್ಲಿ 22 ವರ್ಷದ ಚಾರ್ಲ್ಸ್ ಡಾರ್ವಿನ್ ತನ್ನ ಗುರು ಆಡಮ್ ಸೆಜ್‌ವಿಕ್ ಜೊತೆ ಪಕ್ಕದ ಬೆಟ್ಟಸಾಲಿನ ಕುಮ್ ಇದ್ವಾಲ್‌ಗೆ ಬಂದಿದ್ದ. ಇಬ್ಬರೂ ಗಂಟೆಗಟ್ಟಲೆ ಕಲ್ಲು ತಡಕಿದರು. ಹುಡುಕುತ್ತಿದ್ದದ್ದು ಚಿಪ್ಪಿನ ಅಚ್ಚು. ಸುತ್ತ ಗೀರು ಬಿದ್ದ ಬಂಡೆ, ಹಿಮನದಿ ತಂದು ಸುರಿದ ಕಲ್ಲಿನ ರಾಶಿ, ಎಲ್ಲ ಕಣ್ಣೆದುರೇ ಇತ್ತು. ಇಬ್ಬರಿಗೂ ಕಾಣಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಡಾರ್ವಿನ್ ಬೀಗಲ್ ಹಡಗು ಹತ್ತಿ ಪ್ರಪಂಚ ಸುತ್ತಲು ಹೋದ. 1840ರ ಹೊತ್ತಿಗೆ ಸ್ವಿಟ್ಜರ್ಲೆಂಡ್‌ನ ಲೂಯಿ ಅಗಾಸಿ, ‘ಬ್ರಿಟನ್ನಿನಲ್ಲೂ ಹಿಂದೆ ಹಿಮನದಿಗಳಿದ್ದವು’ ಅಂತ ವಾದಿಸಿದರು. 1842ರಲ್ಲಿ ಡಾರ್ವಿನ್ ಅದೇ ಜಾಗಕ್ಕೆ ಮತ್ತೆ ಬಂದ. ಈ ಸಲ ಎಲ್ಲಿ ನೋಡಿದರೂ ಹಿಮನದಿಯೇ! ಸುಟ್ಟುಹೋದ ಮನೆ ಕೂಡ ತನ್ನ ಕಥೆಯನ್ನು ಈ ಕಣಿವೆಯಷ್ಟು ಸ್ಪಷ್ಟವಾಗಿ ಹೇಳಲಾರದು ಎಂದು ಆಮೇಲೆ ಬರೆದುಕೊಂಡ. ಮೊದಲ ಸಲ ತಾನು ಎಷ್ಟು ಕುರುಡಾಗಿದ್ದೆ ಅಂತ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದು ನನಗೆ ತುಂಬಾ ಇಷ್ಟ.

ಮಂಜುಗಡ್ಡೆ ಕರಗಿದಾಗ ಒಂದು ಪುಟ್ಟ ಹೂವನ್ನೂ ಬಿಟ್ಟುಹೋಯಿತು. ಸ್ನೋಡನ್ ಲಿಲಿ. ಅದರ ವೆಲ್ಷ್ ಹೆಸರಿನ ಅರ್ಥ ‘ಬೆಟ್ಟದ ಜೊಂಡೆಲೆ’. ಎಲೆ ಹುಲ್ಲಿನಷ್ಟೇ ತೆಳು, ಹೂವು ಬಿಳಿ. ಬ್ರಿಟನ್ನಿನಲ್ಲಿ ಅದು ಇರುವುದು ಎರಾರಿಯ ಕೆಲವೇ ಬಂಡೆ ಗೋಡೆಗಳಲ್ಲಿ. ಗೋಡೆಯಲ್ಲೇ ಯಾಕೆ? ಅಲ್ಲಿ ತಣ್ಣಗಿದೆ, ಮುಖ್ಯವಾಗಿ ಕುರಿ ಬಾಯಿಗೆ ಎಟುಕುವುದಿಲ್ಲ. 17ನೇ ಶತಮಾನದ ಕೊನೆಯಲ್ಲಿ ಎಡ್ವರ್ಡ್ ಲೂಯಿಡ್ ಎಂಬ ವೇಲ್ಸ್‌ನ ವಿದ್ವಾಂಸ ಇದನ್ನು ಗುರುತಿಸಿದರು. ಇದೇ ಜಾತಿಯ ಹೂವು ನಮ್ಮ ಹಿಮಾಲಯದಲ್ಲೂ ಅರಳುತ್ತೆ. ಭೂಮಿ ಬಿಸಿಯಾಗುತ್ತಾ ಹೋದರೆ ಅಲ್ಲಿ ಅದು ಇನ್ನೂ ಮೇಲಕ್ಕೆ ಹೋಗಬಹುದು. ಅರ್ ವಿದ್ವದಲ್ಲಿ 1,085ರ ಮೇಲೆ ಬರೀ ಆಕಾಶ.

ನಡೆಯಲಾರದವರಿಗೆ ರೈಲಿದೆ. ಲಾನ್‌ಬೆರಿಸ್‌ನಿಂದ ಸುಮಾರು ಏಳೂವರೆ ಕಿಲೋಮೀಟರ್. 1896ರ ಏಪ್ರಿಲ್ 6ರಂದು ಶುರುವಾಯಿತು. ಮೊದಲ ದಿನವೇ ಒಂದನೇ ನಂಬರಿನ ಇಂಜಿನ್ ಹಳಿ ತಪ್ಪಿ ಇಳಿಜಾರಿಗೆ ಉರುಳಿತು, ಹೆದರಿ ಹಾರಿದ ಪ್ರಯಾಣಿಕರೊಬ್ಬರು ತೀರಿಕೊಂಡರು. ಒಂದನೇ ನಂಬರನ್ನು ಆಮೇಲೆ ಯಾವ ಇಂಜಿನ್‌ಗೂ ಕೊಡಲೇ ಇಲ್ಲ. ನೀನು ಊಟಿ ರೈಲು ಹತ್ತಿದ್ದರೆ ಹಳಿಗಳ ಮಧ್ಯೆ ಹಲ್ಲಿನ ಪಟ್ಟಿ ನೋಡಿರಬಹುದು, ಇಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಹತ್ತುತ್ತೆ. ಸ್ವಿಟ್ಜರ್ಲೆಂಡ್‌ನ ರೋಮನ್ ಆಬ್ಟ್ ಕಂಡುಹಿಡಿದ ಆ ಉಪಾಯವೇ ಇಲ್ಲೂ ಇರುವುದು.

ಮೇಲೆ ಹೋದರೆ ಏನು ಕಾಣುತ್ತೆ? ಆಕಾಶ ತಿಳಿಯಾಗಿದ್ದರೆ ಐರ್ಲೆಂಡ್ ಕಾಣುತ್ತೆ, ಸ್ಕಾಟ್ಲೆಂಡ್‌ನ ಬೆಟ್ಟಗಳೂ ಕಾಣುತ್ತವೆ. ನಾನು ಹೋದ ದಿನ ನನ್ನ ಬೂಟು ಕಾಣುತ್ತಿತ್ತು. ತುದಿಯ ಕಲ್ಲುಗುಪ್ಪೆ ಮುಟ್ಟಲು ಮಂಜಿನಲ್ಲಿ ಸಾಲು ನಿಂತಿದ್ದರು, ಥೇಟ್ ಜಾತ್ರೆಯ ಹಾಗೆ. ಮುಟ್ಟಿ, ಮೇಲಿನ ಕಟ್ಟಡದಲ್ಲಿ ಟೀ ಕುಡಿದು ಇಳಿದೆ.

ಆದರೆ ಇಳಿಯುವಾಗ ಲಡಾವ್ ಕೆರೆಯ ಹತ್ತಿರ ಮೋಡ ಸರಿಯಿತು. ದಾರಿಪಕ್ಕ ಎಮ್ಮೆ ಬೆನ್ನಿನಷ್ಟು ದೊಡ್ಡ ಬಂಡೆ ಇತ್ತು. ಬೆಟ್ಟದ ಕಡೆಯ ಮೈ ಮೇಲೆ ಕೈಯಾಡಿಸಿದೆ, ಒರಳಿನ ಒಳಗಿನ ಹಾಗೆ ನುಣುಪು. ಬೆರಳ ತುದಿಗೆ ಉದ್ದುದ್ದ ಗೀರು ಸಿಕ್ಕಿತು, ಎಲ್ಲವೂ ಕಣಿವೆ ಇಳಿಯುವ ದಿಕ್ಕಿಗೇ. ಆಚೆ ಬದಿಗೆ ಹೋಗಿ ಮುಟ್ಟಿದರೆ ಒರಟು, ಮುರಿದ ಬೆಲ್ಲದ ಅಚ್ಚಿನ ಹಾಗೆ. ಗಡ್ಡೆ ಏರಿ ಬಂದ ಕಡೆ ಉಜ್ಜಿದೆ, ದಾಟಿ ಇಳಿದ ಕಡೆ ಕಿತ್ತಿದೆ. ಆ ಒಂದು ಬಂಡೆಯೇ ಹಿಮನದಿ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಅಂತ ಹೇಳುತ್ತೆ. ಅರ್ಧ ಗಂಟೆ ಅಲ್ಲೇ ಕೂತೆ. ತುದಿಯಲ್ಲಿ ಹತ್ತು ನಿಮಿಷವೂ ನಿಂತಿರಲಿಲ್ಲ.

ಚಿಕ್ಕಪ್ಪ ಇನ್ನೊಮ್ಮೆ ಹೋಗುವವರಿದ್ದರೆ ಅಂಥ ಬಂಡೆಯ ಫೋಟೋ ಕೇಳು. ಗೀರು ಚೆನ್ನಾಗಿ ಕಾಣಬೇಕಾದರೆ ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಪಕ್ಕದಲ್ಲಿ ಒಂದು ನಾಣ್ಯ ಇಡಲಿ, ಇಲ್ಲದಿದ್ದರೆ ಗೀರು ಎಷ್ಟು ಉದ್ದ ಅಂತ ನಿನಗೆ ಗೊತ್ತಾಗುವುದಿಲ್ಲ. ಫೋಟೋ ಬಂದ ಮೇಲೆ ನನಗೂ ಒಂದು ಕಳಿಸು. ಅದನ್ನು ನಿನ್ನ ಸೋಪಿನ ಪಕ್ಕ ಇಟ್ಟು ನೋಡೋಣ.